ಒಂದು ಎತ್ವ

ಮೆಟ್ಟಿಲ ತುದಿಯಲ್ಲಿ ನಿಂತು ನರ್ಸ್ ಪರ್ಸ್ ತೆರೆದು ಮತ್ತೊಮ್ಮೆ ನೋಡಿದಳು. ರೈಲಿನ ಟಿಕೆಟ್ ಅಲ್ಲೇ ಇತ್ತು. ನಾಳೆ ಬೆಳಗಿನದು. ಇದಕ್ಕೂ ಮೊದಲು ಎರಡು ಸಲ ಟಿಕೆಟ್ ತೆಗೆಸಿ, ಎರಡನ್ನೂ ಹರಿದು ಹಾಕಿದ್ದಳು. ಇವತ್ತು ಹೇಳಿಬಿಡಬೇಕು. ಕೋಣೆಯ ಬೀಗದ ಕೈಯನ್ನು ಯಾರ ಕೈಗಾದರೂ ಕೊಟ್ಟು ಇಳಿದುಬಿಡಬೇಕು.

ಬೆಳಿಗ್ಗೆ ತಂಗಿ ಫೋನಿನಲ್ಲಿ ಹೇಳಿದ್ದಳು, "ಊರಿಗೆಲ್ಲ ಸಿಸ್ಟರ್ ಆದೆ. ನನಗೊಬ್ಬಳಿಗೆ ಅಕ್ಕ ಆಗೋಕೆ ನಿನಗೆ ಪುರುಸೊತ್ತಿಲ್ಲ. ಈ ಸಲವೂ ಬರದಿದ್ರೆ ಇನ್ನು ಕರೆಯಲ್ಲ ಕಣೇ." ತಂಗಿಗೆ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದು ಮಂಜಾಗುತ್ತಿತ್ತು.

ಬಾಗಿಲ ಮೇಲೆ ಬೋರ್ಡು ಒಂಬತ್ತು ವರ್ಷದಿಂದ ಹಾಗೇ ತೂಗುತ್ತಿತ್ತು. ನಿವೃತ್ತಿಯಾದ ವರ್ಷ ನರ್ಸ್ ಮುದ್ರಣಾಲಯದ ಮೇಲಿನ ಈ ಕೋಣೆಯಲ್ಲಿ ಗುಂಪು ಕಟ್ಟಿದ್ದಳು. ಮನೆಯಲ್ಲಿ ಅಳಲು ಮೂಲೆ ಸಿಗದವರು ಮಂಗಳವಾರ ನಾಲ್ಕು ಗಂಟೆಗೆ ಬಂದು ಕೂತು ಹೇಳಿಕೊಳ್ಳಲಿ ಎಂದು. ಹೆಸರು 'ಆಸರೆ'. ಬೋರ್ಡು ಬರೆದ ಪೇಂಟರ್ ಅದನ್ನು 'ಆಸೆರೆ' ಮಾಡಿಟ್ಟಿದ್ದ.

"ಬರೀ ಸ ಕಂಡರೆ ನನ್ನ ಕೈ ತಾನಾಗೇ ಎತ್ವ ಎಳೆಯುತ್ತೆ ಸಿಸ್ಟರ್," ಎನ್ನುತ್ತ ತಿದ್ದಲು ಬಂದವನು, ಹೆಂಡತಿ ಹೋಗಿ ತಿಂಗಳಾಯಿತೆಂದು ಹೇಳಿ ಡಬ್ಬಿ ಕೆಳಗಿಟ್ಟು ಅತ್ತುಬಿಟ್ಟ. ಬೋರ್ಡು ತಿದ್ದಲಿಲ್ಲ. ಅವನು ಪ್ರತಿ ವಾರ ಬಂದ.

"ಬಿಡಿ ಸಿಸ್ಟರ್, 'ಆ ಸೆರೆ' ಅಂತ ಓದ್ಕೊಂಡ್ರಾಯ್ತು," ಎಂದು ಟೈಲರ್ ನಗುತ್ತಿದ್ದಳು. ಈಚೆಗೆ ನರ್ಸ್ ಹಾಗೆಯೇ ಓದುತ್ತಿದ್ದಳು.

ಇದೇ ಟೈಲರ್ ಮೊದಲ ದಿನ ಹೊಸ್ತಿಲಿನಿಂದಲೇ ತಿರುಗಿ ಹೊರಟಿದ್ದಳು. ನರ್ಸ್ ಕೈ ಹಿಡಿದು ನಿಲ್ಲಿಸಿದ್ದಳು. "ನಾಚಿಕೆ ಯಾಕಮ್ಮಾ? ಈ ಮಂಗಳವಾರ ಅನ್ನೋದು ಇಲ್ಲದಿದ್ರೆ ನಾನೇ ಬದುಕ್ತಿರಲಿಲ್ಲ." ಸೂಜಿ ಚುಚ್ಚುವ ಮುಂಚೆ 'ಏನೂ ನೋಯಲ್ಲ' ಅನ್ನುವಂಥ ಮಾತು ಅದು. ಕೆಲಸ ಮಾಡಿತು. ಆಮೇಲೆ ಬಂದ ಎಲ್ಲರಿಗೂ ಅದನ್ನೇ ಹೇಳಿದಳು. ಎಷ್ಟೋ ಜನ ಬಂದರು, ಹಗುರಾದರು, ಹೋದರು. ಉಳಿದವರು ಮೂವರು: ಟೈಲರ್, ಬಸ್ ಡ್ರೈವರ್, ಪೇಂಟರ್.

ಈ ಮೂರು ಗಾಯ ಮಾತ್ರ ಮಾಯುತ್ತಿರಲಿಲ್ಲ. ಪೇಂಟರ್ ಮಂಡಿ ಹಿಡಿದುಕೊಂಡು ಇಪ್ಪತ್ತೆರಡು ಮೆಟ್ಟಿಲು ಹತ್ತುತ್ತಿದ್ದ. ಡ್ರೈವರ್ ಯಾರದೋ ಕೈಕಾಲು ಹಿಡಿದು ಪಾಳಿ ಬದಲಾಯಿಸಿಕೊಳ್ಳುತ್ತಿದ್ದ. ಟೈಲರ್ ಗಿರಾಕಿಗಳನ್ನು ಅಂಗಡಿಯಲ್ಲೇ ಕೂರಿಸಿ ಓಡಿಬರುತ್ತಿದ್ದಳು. ಕಳೆದ ಮೂರು ವರ್ಷದಲ್ಲಿ ಒಂದು ವಾರವೂ ಯಾರೂ ತಪ್ಪಿಸಿಕೊಂಡಿರಲಿಲ್ಲ. ಇಂಥವರ ಕೈಬಿಟ್ಟು ಹೋಗುವುದು ಹೇಗೆ?

ನಾಲ್ಕಕ್ಕೆ ಮೂವರೂ ಒಟ್ಟಿಗೇ ಬಂದರು.

"ಇವತ್ತು ಎರಡನೇ ಮಂಗಳವಾರ ತಾನೇ?" ಕುರ್ಚಿ ಎಳೆಯುತ್ತ ಡ್ರೈವರ್ ಮೆಲ್ಲಗೆ ಕೇಳಿದ.

"ಎರಡನೇದೇ," ಎಂದ ಪೇಂಟರ್. ಡ್ರೈವರ್ ನಿಟ್ಟುಸಿರು ಬಿಟ್ಟ.

ನರ್ಸ್ ಬೀಗದ ಕೈಯನ್ನು ಮೇಜಿನ ಮಧ್ಯೆ ಇಟ್ಟಳು. "ಇವತ್ತು ನಾನೊಂದು ಮಾತು ಹೇಳ್ಬೇಕು. ಈ ಗುಂಪಿನ ವಿಷಯ. ಎಲ್ಲಕ್ಕೂ ಒಂದು ಕೊನೆ ಅಂತ..."

ಟೈಲರ್ ಡ್ರೈವರನ್ನು ನೋಡಿದಳು. ಡ್ರೈವರ್ ಗೋಡೆ ಗಡಿಯಾರ ನೋಡಿದ. ಮರುಕ್ಷಣ ಜೇಬಿನಿಂದ ಕರವಸ್ತ್ರ ಎಳೆದು ಮುಖಕ್ಕೆ ಒತ್ತಿಕೊಂಡ.

"ನನ್ನ ತಮ್ಮ, ಸಿಸ್ಟರ್. ಮಾತು ಬಿಟ್ಟು ಎರಡು ವರ್ಷ ಆಯ್ತು."

"ಮೂರು," ಎಂದ ಪೇಂಟರ್.

"ಹ್ಞಾ, ಮೂರು. ದುಃಖದಲ್ಲಿ ಲೆಕ್ಕ ಎಲ್ಲಿರುತ್ತೆ? ನೀವಿದ್ದೀರಿ ಅಂತ ಸ್ಟೇರಿಂಗ್ ಹಿಡೀತಿದ್ದೀನಿ, ಅಷ್ಟೇ."

ಅವನ ದೊಡ್ಡ ಭುಜಗಳು ಕುಲುಕಿದವು. ನರ್ಸ್ ಎದ್ದು ಹೋಗಿ ಬೆನ್ನು ಸವರಿದಳು. ನೀರು ಕೊಟ್ಟಳು. ಅವಳ ಕೈಗೆ ಬೇರೇನೂ ಗೊತ್ತಿರಲಿಲ್ಲ.

"ನೀವೇನೋ ಹೇಳ್ತಿದ್ರಿ ಸಿಸ್ಟರ್," ಎಂದಳು ಟೈಲರ್. ಅವಳ ದನಿಯಲ್ಲಿ ಅದೇನೋ ಹೆದರಿಕೆ.

"ಏನಿಲ್ಲಮ್ಮಾ. ಮುಂದಿನ ವಾರ ಕಿಟಕಿ ಒರೆಸೋಣ ಅಂತ."

ಮೂವರೂ ಒಟ್ಟಿಗೇ ಉಸಿರು ಬಿಟ್ಟರು. ಟೈಲರ್ ಬೀಗದ ಕೈ ಎತ್ತಿ ನರ್ಸಿನ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದಳು, ಮಗುವಿಗೆ ಮಡಚುವ ಹಾಗೆ.

ಐದಕ್ಕೆ ಅವರು ಇಳಿದು ಹೋದರು. ಕೆಳಗೆ ಯಾರೋ ನಕ್ಕ ಹಾಗಾಯಿತು. ಮುದ್ರಣ ಯಂತ್ರದ ಗದ್ದಲದಲ್ಲಿ ಸರಿಯಾಗಿ ತಿಳಿಯಲಿಲ್ಲ.

ನರ್ಸ್ ಲೋಟಗಳನ್ನು ತೊಳೆದು ಬೋರಲು ಹಾಕಿದಳು. ಕುರ್ಚಿಗಳನ್ನು ಗೋಡೆಗೆ ಒತ್ತಿಟ್ಟಳು. ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ತಂಗಿಗೆ ಏನು ಹೇಳುವುದೆಂದು ಹೊಳೆಯಲಿಲ್ಲ. ಟಿಕೆಟ್ ಹೊರತೆಗೆದು ಕಸದ ಬುಟ್ಟಿಯ ಮುಂದೆ ನಿಂತಳು.

ಹರಿಯಬೇಕೆಂದು ಬಗ್ಗಿದಾಗ ಡ್ರೈವರ್ ಕೂತಿದ್ದ ಜಾಗದಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ ಕಂಡಿತು. ಕರವಸ್ತ್ರದ ಜೊತೆ ಜೇಬಿನಿಂದ ಬಿದ್ದಿರಬೇಕು. ಇನ್ನೊಬ್ಬರ ಕಾಗದ ಓದುವವಳಲ್ಲ ಅವಳು. ಆದರೆ ಬೋರ್ಡಿನ ಮೇಲೆ ಬರೆಯುವಂಥ ದಪ್ಪ ಅಕ್ಷರಗಳು ಮಡಿಕೆಯ ಹೊರಗೇ ಕಾಣುತ್ತಿದ್ದವು. ಮಡಿಕೆಗಳು ಸವೆದಿದ್ದವು, ಕಾಗದ ಹಳೆಯದು.

'ಅಳುವ ಸೆರದಿ,' ಎಂದಿತ್ತು. ಎತ್ವ ಕಂಡೊಡನೆ ಯಾರ ಕೈಬರಹವೆಂದು ತಿಳಿಯಿತು. ಟಿಕೆಟನ್ನು ಎಡಗೈಗೆ ದಾಟಿಸಿ ಅವಳು ಕಾಗದ ಬಿಡಿಸಿದಳು.

'ಮೊದಲನೇ ಮಂಗಳವಾರ ಟೈಲರ್. ಎರಡನೇದು ಡ್ರೈವರ್. ಮೂರನೇದು ನಾನು. ಆಮೇಲೆ ಯಾರಿಗೆ ಅಳು ಬಂದರೆ ಅವರು. ಎಷ್ಟೇ ಬೇಸೆರವಾದರೂ ಯಾರೂ ಚಕ್ಕರ್ ಹೊಡೆಯುವಂತಿಲ್ಲ. ಈ ಗುಂಪು ನಿಂತರೆ ಸಿಸ್ಟರ್ ಬದುಕುವುದಿಲ್ಲ. ಅವರೇ ಹೇಳಿದ್ದಾರೆ.'