ತಮ್ಮನ ಕುಡಿತ ಬಿಡಿಸಿದ್ದು

ಸಾರಾಯಿ ಅಂಗಡಿಯ ಮುಂದೆ ಲಕ್ಷ್ಮೀದೇವಿ ಗಬಕ್ಕನೆ ಹಿಡಿದದ್ದು ತನ್ನ ತಮ್ಮನ ಮಗಳ ರಟ್ಟೆಯನ್ನು.

ಒಂಬತ್ತನೇ ತರಗತಿಯ ಹುಡುಗಿ. ಮೈಮೇಲೆ ಶಾಲೆಯ ಸಮವಸ್ತ್ರ. ಪುಸ್ತಕದ ಚೀಲಕ್ಕೆ ಕೈ ಹಾಕಿದರೆ ಮೆತ್ತನೆಯ ಸಾರಾಯಿ ಪಾಕೀಟುಗಳು ಸಿಕ್ಕವು. ಒಂದು ಒಡೆದು ಪುಸ್ತಕವೆಲ್ಲ ನಾರುತ್ತಿತ್ತು. ಮೊಳಕಾಲ್ಮೂರಿನಿಂದ ಬಂದು ಆಗಷ್ಟೇ ಚಳ್ಳಕೆರೆಯಲ್ಲಿ ಬಸ್ಸಿಳಿದಿದ್ದ ಲಕ್ಷ್ಮೀದೇವಿ ಚೀಲವನ್ನೇ ಕಿತ್ತುಕೊಂಡಳು.

"ಥೂ! ಹೆತ್ತ ಮಗಳನ್ನ ಇಂಥ ಜಾಗಕ್ಕೆ ಕಳಿಸ್ತಾನಲ್ಲ, ಅವನೇನು ಮನುಷ್ಯನಾ!"

"ಬಿಡ್ರಿ ಅತ್ತೆ," ಅಂದಳು ಶೈಲಜಾ. "ಅಪ್ಪ ಮಿಲ್ಲಿಂದ ಬರೋ ಹೊತ್ತಾತು. ಇದಿಲ್ದಿದ್ರೆ ಆಗಲ್ಲ."

ಲಕ್ಷ್ಮೀದೇವಿ ಪಾಕೀಟುಗಳನ್ನು ಒಂದೊಂದಾಗಿ ಚರಂಡಿಗೆ ಎಸೆದಳು. ಹುಡುಗಿ ಅಲ್ಲೇ ಕುಸಿದು ಕೂತು ಬಿಕ್ಕಿದಳು. ಬರಿಗೈಲಿ ಹೋದರೆ ಅಪ್ಪ ಚರ್ಮ ಸುಲಿಯುತ್ತಾನೆಂಬ ಭಯವಿರಬೇಕು, ಪಾಪ.

ತಮ್ಮ ಮುರುಗೇಂದ್ರಪ್ಪನ ಮನೆ ಹೊರಗಿನಿಂದ ದೊಡ್ಡದು. ಊರಲ್ಲಿ ಎಣ್ಣೆ ಮಿಲ್ಲು, ಹಣೆ ತುಂಬ ವಿಭೂತಿ, ಎಲ್ಲರ ನಮಸ್ಕಾರ. ಒಳಗೆ ಕಾಲಿಟ್ಟರೆ ಹುಳಿ ನಾತ. ಹಾಸಿಗೆಯ ಮೇಲೆ ಒಣಗಿದ ವಾಂತಿ, ಅದಕ್ಕೆ ಮುತ್ತಿದ ನೊಣ. ದಿನಾ ಅದನ್ನು ಉಜ್ಜಿ ತೊಳೆಯುವವಳೂ ಶೈಲಜಾಳೇ.

ಹೆಂಡತಿ ವೀರಮ್ಮನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

"ಕುಡಿದು ಬಂದು ಹೊಡೆದನಾ?"

ವೀರಮ್ಮ ಸೆರಗು ಎಳೆದುಕೊಂಡಳು. "ನಿಮ್ಮ ತಮ್ಮ ನಿಮಗೆ ಗೊತ್ತಿಲ್ವೇನ್ರಿ ಅಕ್ಕಾ."

ಲಕ್ಷ್ಮೀದೇವಿ ಮತ್ತೇನೂ ಕೇಳಲಿಲ್ಲ. ಮರುದಿನವೇ ತಮ್ಮನನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಮದ್ಯವರ್ಜನ ಶಿಬಿರಕ್ಕೆ ಸೇರಿಸಿದಳು. ಚಿಕ್ಕಂದಿನಿಂದಲೂ ಅಕ್ಕನೆಂದರೆ ಅವನಿಗೆ ಅಂಜಿಕೆ. ಹೊರಡುವಾಗ ಶೈಲಜಾ ಕಾರಿನ ಬಾಗಿಲು ಹಿಡಿದು, "ಅಪ್ಪ ಅಲ್ಲೇ ಇರ್ತಾನಾ?" ಅಂದಳು.

"ಇಲ್ಲ ಕಣೇ. ವಾಸಿಯಾಗಿ ಬರ್ತಾನೆ."

ಹುಡುಗಿ ಬಾಗಿಲು ಬಿಟ್ಟಳು.

ಮುರುಗೇಂದ್ರಪ್ಪ ವಾಸಿಯಾಗಿಯೇ ಬಂದ. ಮಿಲ್ಲಿನ ಪಾಲುದಾರ ಜಂಬುಲಿಂಗಪ್ಪ ಹಾರ ಹಾಕಿ ಬರಮಾಡಿಕೊಂಡ. ಅಕ್ಕನಿಗೆ ಕೊಟ್ಟ ಮಾತಿನಂತೆ ಮುರುಗೇಂದ್ರಪ್ಪ ಒಂದು ತೊಟ್ಟನ್ನೂ ಮುಟ್ಟಲಿಲ್ಲ. ತಮ್ಮನನ್ನು ಮನುಷ್ಯನನ್ನಾಗಿ ಮಾಡಿದವಳೆಂದು ಬಂಧುಬಳಗ ಲಕ್ಷ್ಮೀದೇವಿಯನ್ನು ಹೊಗಳಿತು. ಅವಳಿಗೂ ಹೆಮ್ಮೆಯಾಯಿತು.

ದೀಪಾವಳಿಗೆ ಸೀರೆ ಹಿಡಿದು ಬಂದಳು. ಮನೆಯೆಲ್ಲ ಫಿನಾಯಿಲ್ ವಾಸನೆ. ಮುರುಗೇಂದ್ರಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ, ಕಣ್ಣು ತಿಳಿಯಾಗಿದ್ದವು. ವೀರಮ್ಮನ ಕೈಗೆ ಪಟ್ಟಿ ಹಾಕಿತ್ತು. ಬಚ್ಚಲಲ್ಲಿ ಜಾರಿದೆ ಅಂದಳು.

ಶೈಲಜಾ ಶಾಲೆ ಬಿಟ್ಟಿದ್ದಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿಗಳಲ್ಲಿ ಕೀವಾಗಿತ್ತು. ಪಡಸಾಲೆಯಲ್ಲಿ ಅಪ್ಪ ಲೋಟ ಕುಕ್ಕಿದ ಸದ್ದಾಯಿತು, ಅಷ್ಟೇ. ಹುಡುಗಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು.

"ಛೀ, ಇಷ್ಟು ದೊಡ್ಡವಳಾಗಿ!" ಲಕ್ಷ್ಮೀದೇವಿ ಮೂಗಿಗೆ ಸೆರಗು ಹಿಡಿದಳು. ಅವಳನ್ನು ಹಿತ್ತಿಲಿಗೆ ಕರೆದೊಯ್ದು ಕಾಲಿಗೆ ನೀರು ಹಾಕುವಾಗ ಮನಸ್ಸು ಕರಗಿತು. "ಇನ್ನೂ ಯಾಕೆ ಹೆದರ್ತೀಯಾ? ನಿಮ್ಮಪ್ಪ ಕುಡಿಯೋದು ಬಿಟ್ನಲ್ಲ. ಇನ್ನು ಆ ಹೊಲಸು ಅಂಗಡಿಗೆ ನಿನ್ನ ಕಳಿಸೋರು ಯಾರೈದಾರೆ?"

ಶೈಲಜಾ ಪಡಸಾಲೆಯ ಕಡೆ ನೋಡಿ ದನಿ ತಗ್ಗಿಸಿದಳು.

"ಅಪ್ಪ ಯಾವತ್ತೂ ಕಳಿಸ್ಲಿಲ್ಲ ಅತ್ತೆ. ನಾನೇ ತಂದು ಮುಂದೆ ಇಡ್ತಿದ್ದೆ. ಕುಡಿದು ಬಿದ್ದ ದಿನ ಮಾತ್ರ ಅವ್ವನ್ನ ಹೊಡೀತಿರಲಿಲ್ಲ."