ಅರಕೇರಾದ ಡಬ್ಬಿ

"ಭಾಬಿ, ಈ ಅರಕೇರಾದ ಡಬ್ಬಿ ಮಾರ್ಚ್ ಹದಿನಾಲ್ಕಕ್ಕ ಬಂದ್ ಆಗಿ ಚಾಲೂ ಆಗ್ಯಾದ. ಅವತ್ತ ಆ ಕಡಿ ಯಾರು ಹೋಗಿದ್ರು?" ಮುದಸ್ಸಿರ್ ಕೈಯಲ್ಲಿನ ಹಾಳೆಯಿಂದ ತಲೆ ಎತ್ತದೆ ಕೇಳಿದ.

"ಯಾರೂ ಹೋಗಿಲ್ಲ ಭಾಯ್."

"ತಾನಽ ಬಂದ್ ಆಗಿ ತಾನಽ ಚಾಲೂ ಆತಂದ್ರ ಕೆಟ್ಟದ ಅಂತ ಅರ್ಥ. ನಾಳಿ ಇಳಿಸಿ ಹೊಸಾದು ಕೂಡಿಸೋಣು."

ಚಂದ್ರಕಲಾ ತನ್ನ ಕಂಪ್ಯೂಟರಿನತ್ತ ತಿರುಗಿದಳು. ಆ ಹಾಳೆಯನ್ನು ಬೆಳಿಗ್ಗೆ ತೆಗೆದುಕೊಟ್ಟವಳು ಆಕೆಯೇ. ರಾಯಚೂರಿನ ಈ ಎರಡು ಕೋಣೆಯ ಆಫೀಸಿನಿಂದ ದೇವದುರ್ಗ, ಮಾನ್ವಿ ಕಡೆಯ ನಲವತ್ತು ಊರುಗಳಿಗೆ ಇಂಟರ್‌ನೆಟ್ ಹೋಗುತ್ತಿತ್ತು. ಊರಿಗೊಂದು ಮಾಳಿಗೆ, ಮಾಳಿಗೆಗೊಂದು ಸಿಗ್ನಲ್ ಹಂಚುವ ಡಬ್ಬಿ. ಆ ಡಬ್ಬಿಗಳಿಗೆ ತಾರೀಖು ಗೊತ್ತಿರುವುದಿಲ್ಲ. ಸ್ವಿಚ್ ಹಾಕಿದ ಗಳಿಗೆಯಿಂದ ಸೆಕೆಂಡಿನ ನೂರರಲ್ಲೊಂದು ಪಾಲನ್ನು ಒಂದೊಂದಾಗಿ ಎಣಿಸುತ್ತ ಕೂರುವುದಷ್ಟೇ ಗೊತ್ತು. ಆ ಉದ್ದನೆಯ ಅಂಕಿಯನ್ನು ದಿನ, ಗಂಟೆಗಳಾಗಿ ಒಡೆದು, ಇವತ್ತಿನ ತಾರೀಖಿನಿಂದ ಹಿಂದಕ್ಕೆ ಕಳೆದು, ಯಾವ ಡಬ್ಬಿ ಎಂದು ಚಾಲೂ ಆಯಿತೆಂದು ಎಲ್ಲರೂ ಓದುವಂತೆ ತೋರಿಸುವ ಕೋಡನ್ನು ಆಕೆ ಆ ವಾರವಷ್ಟೇ ಬರೆದು ಮುಗಿಸಿದ್ದಳು.

ಅರಕೇರಾದ ಡಬ್ಬಿಯನ್ನು ಕೂಡಿಸಿದವನು ಪ್ರಭುರಾಜ, ಆಕೆಯ ಗಂಡ, ಮುದಸ್ಸಿರನ ಗೆಳೆಯ. ಕೂಡಿಸಿದ ಎರಡೂವರೆ ತಿಂಗಳಿಗೆ, ಸಿರವಾರದ ರಸ್ತೆಯಲ್ಲಿ, ಆತ ತೀರಿಹೋದ. ಆತನ ಅಂಗಿಗಳನ್ನು ಅತ್ತೆ ಯಾರಿಗೋ ಕೊಟ್ಟಿದ್ದರು. ಫೋನಿನ ನಂಬರು ಈಗ ಇನ್ಯಾರದೋ. ಆತ ಕೈಯಾರೆ ಚಾಲೂ ಮಾಡಿದ್ದು ಒಂದಾದರೂ ನಿಲ್ಲದೆ ನಡೆಯುತ್ತಿದೆ ಎಂದು ಆಕೆ ಯಾರಿಗೂ ಹೇಳದೆ ನಂಬಿಕೊಂಡಿದ್ದಳು. ಈಗ ಅದೂ ಮಾರ್ಚ್ ಹದಿನಾಲ್ಕಕ್ಕೆ ನಿಂತಿತ್ತಂತೆ.

ಆ ದಿನದ ದಾಖಲೆ ತೆರೆದಳು. ಅರಕೇರಾದ ಇಪ್ಪತ್ತಾರು ಮನೆಗಳಲ್ಲಿ ಒಂದರ ಲೈನೂ ಅಂದು ಒಂದು ನಿಮಿಷವೂ ಕಡಿದಿರಲಿಲ್ಲ. ಡಬ್ಬಿ ಬಂದ್ ಆದರೆ ಲೈನ್ ಉಳಿಯುವುದು ಹೇಗೆ? ಡಬ್ಬಿಯ ಅಂಕಿಯನ್ನು ಮತ್ತೊಮ್ಮೆ ನೋಡಿದಾಗ ಹೊಳೆಯಿತು. ಅಂಕಿ ತುಂಬಿಹೋಗಿತ್ತು. ಡಬ್ಬಿಯ ಎಣಿಕೆಗೆ ನಾನೂರ ತೊಂಬತ್ತೇಳು ದಿನದ ಮಿತಿ. ಅದು ದಾಟಿದರೆ ಹಳೆಯ ಬೈಕಿನ ಮೀಟರಿನಂತೆ ಮತ್ತೆ ಸೊನ್ನೆಯಿಂದ ಶುರು. ಕರೆಂಟು ಹೋಗಿಬರುವ ಊರುಗಳಲ್ಲಿ ಬೇರೆ ಯಾವ ಡಬ್ಬಿಯೂ ಅಷ್ಟು ದಿನ ಬಾಳಿರಲಿಲ್ಲ, ಹಾಗಾಗಿ ಆಕೆಗೆ ಈ ಮಾತು ನೆನಪಾಗಿರಲಿಲ್ಲ. ಪ್ರಭುರಾಜ ಮಾತ್ರ ಅಲ್ಲಿ ಸೋಲಾರ್ ಪ್ಲೇಟಿಗೆ ಎರಡು ಬ್ಯಾಟರಿ ಕಟ್ಟಿ ಬಂದಿದ್ದ.

ಆ ಕಳೆದುಹೋದ ಸುತ್ತನ್ನೂ ಲೆಕ್ಕಕ್ಕೆ ಹಿಡಿಯುವಂತೆ ಕೋಡಿಗೆ ಒಂದು ಸಾಲು ಸೇರಿಸಿದಳು. ತಾರೀಖು ಬದಲಾಯಿತು: 2023 ನವೆಂಬರ್ 3, ಬೆಳಿಗ್ಗೆ 10:39.

ಅಂದು ಆಕೆ ಇದೇ ಕುರ್ಚಿಯಲ್ಲಿದ್ದಳು. ಆತ ಮಾಳಿಗೆಯಿಂದ ಫೋನ್ ಮಾಡಿ, "ಹಾಕೀನಿ ನೋಡು, ಕಾಣ್ತದೇನು ನಿನಗ?" ಎಂದಿದ್ದ. ಉಣ್ಣದೆ ಹೋದನೆಂಬ ಸಿಟ್ಟಿಗೆ "ಹೂಂ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು. ಇನ್ನೆರಡು ಮಾತು ಆಡಬಹುದಿತ್ತು. ಪರದೆಯ ಮೇಲೆ ಅಂಕಿ ಓಡುತ್ತಲೇ ಇತ್ತು. ಆ "ಹೂಂ" ಆದ ಮೇಲಿನ ಒಂದು ಕ್ಷಣವನ್ನೂ ಅದು ಬಿಟ್ಟಿರಲಿಲ್ಲ.

"ಕೆಟ್ಟಿಲ್ಲ ಭಾಯ್," ಎಂದು ಪರದೆಯನ್ನು ಮುದಸ್ಸಿರನತ್ತ ತಿರುಗಿಸಿದಳು. "ಕೂಡಿಸಿದಾಗಿಂದ ಒಮ್ಮೆನೂ ಬಂದ್ ಆಗಿಲ್ಲ."

ಮುದಸ್ಸಿರ್ ಬಗ್ಗಿ ನೋಡಿದ. "ಆರುನೂರು ದಿನದ ಹತ್ತರ! ಕಮಾಲ್ ಮಾಡ್ಯಾನ ಬಿಡ್ರಿ ನಮ್ಮ ಪ್ರಭು. ಅದಕ್ಕಽ ಅರಕೇರಾದವರು ತಿಂಗಳಿಂದ ಸ್ಲೋ ಅದ, ಸ್ಲೋ ಅದ ಅಂತ ನನ್ನ ತಲಿ ತಿನ್ನಾಕತ್ಯಾರ. ಇಷ್ಟು ದಿನ ಬಿಡದ ಓಡಿದ್ರ ಸುಸ್ತ ಆಗಲಾರದೇನು? ಇಳಿಸೋದು ಬ್ಯಾಡ, ಒಮ್ಮೆ ಬಂದ್ ಮಾಡಿ ಹಾಕಿದ್ರ ಸಾಕು."

"ಎಣಿಕಿ ಹೋಗ್ತದ ಭಾಯ್."

"ಎಂಥಾ ಎಣಿಕಿ?" ಎಂದವನು ಆಕೆಯ ಮುಖ ನೋಡಿ ದನಿ ಇಳಿಸಿದ. "ಭಾಬಿ, ಪ್ರಭು ಇದ್ದಿದ್ರ ಅವನಽ ಬಂದ್ ಮಾಡಿ ಹಾಕ್ತಿದ್ದ."

ಅದು ನಿಜವೇ ಆಗಿತ್ತು. ಆಕೆ ಆಗಲೆಂದು ತಲೆಯಾಡಿಸಿದಳು.

ಇಲ್ಲಿಂದ ಬಂದ್ ಮಾಡಿದರೆ ಹಿಂದೊಮ್ಮೆ ಹಿರೇಕೊಟ್ನೆಕಲ್ಲಿನ ಡಬ್ಬಿಗೆ ಆದಂತೆ ಮತ್ತೆ ಏಳದೆ ಹೋದೀತೆಂದು ಮುದಸ್ಸಿರ್ ಅರಕೇರಾದಲ್ಲಿ ಡಬ್ಬಿ ಇದ್ದ ಮನೆಯವರಿಗೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಎತ್ತಿದವಳು ಮನೆಯ ಮುದುಕಿ ಹಣಮಮ್ಮ.

"ಯವ್ವಾ, ರಾಯಚೂರಿಂದ, ಇಂಟರ್‌ನೆಟ್ಟಿನವರು. ಮಾಳಗಿ ಮ್ಯಾಲಿನ ಡಬ್ಬಿ ಸ್ವಿಚ್ಚು ಒಂದೀಟು ತೆಗೆದು ಹಾಕ್ರಿ."

"ನಾ ಒಲ್ಲೆಪ್ಪಾ! ಕೂಡಿಸಿ ಹೋಗೋವಾಗ ಆ ಹುಡುಗ ಹೇಳ್ಯಾನ, ಯವ್ವಾ, ನಾ ಬರೋತನಕ ಯಾರಿಗೂ ಮುಟ್ಟಗೊಡಬ್ಯಾಡ ಅಂತ. ನನ್ನ ಸ್ವಂತ ಮೊಮ್ಮಕ್ಕಳು ಮ್ಯಾಲ ಹತ್ತಿದ್ರ ಬಡದು ಇಳಸ್ತೀನಿ. ನೀ ಯಾರೋ ಏನೋ, ನಿನ್ನ ಮಾತು ಕೇಳಿ ಮುಟ್ಟಲೇನು? ಅವನ್ನಽ ಕಳಸು. ಎಷ್ಟು ದಿನಾತು ಈ ಕಡಿ ಹಾಯಲಾರದ! ನಮ್ಮ ಮನಿ ರೊಟ್ಟಿ ಬ್ಯಾಸರಾತೇನು ಅವಗ?"

ಮುದಸ್ಸಿರ್ ಫೋನನ್ನು ಬಂದ್ ಮಾಡಲು ಕೈ ಚಾಚಿದ. ಆ ಕಡೆಯಿಂದ ಮುದುಕಿ "ಹಲೋ, ಹಲೋ" ಎನ್ನುತ್ತಿದ್ದಳು. ಚಂದ್ರಕಲಾ ಫೋನನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಮುಟ್ಟಬ್ಯಾಡ ಯವ್ವಾ," ಎಂದಳು. "ಅವರು ಬರೋತನಕ ಯಾರಿಗೂ ಮುಟ್ಟಗೊಡಬ್ಯಾಡ."