ಸೀನು ದಾಟಿಸಿಕೊಂಡ ನಾಯಿ

"ಚಿಕ್ಕ ನಾಯಿ ಬೇಡ ಮೇಡಂ, ನಿಮ್ಮ ಅಲರ್ಜಿ ತಡೆಯಲ್ಲ, ವಾರಕ್ಕೇ ಸತ್ತುಹೋಗುತ್ತೆ. ದೊಡ್ಡದಕ್ಕೆ ಫ್ಲ್ಯಾಟು ಸಾಲದು. ಮಧ್ಯಮ ಗಾತ್ರದ್ದಾದರೆ ಒಂದೆರಡು ವರ್ಷ ತಾಳುತ್ತೆ," ಎಂದ ನಾಯಿ ಅಂಗಡಿಯ ಮುದ್ದಣ್ಣ.

ನಾಯಿ ಮುಟ್ಟಿದರೆ ಸೀನು ಬಂದು ಮೈಯೆಲ್ಲ ದದ್ದು ಏಳುತ್ತಿದ್ದ ನಳಿನಾಕ್ಷಿ ಕಂದು ಬಣ್ಣದ್ದೊಂದನ್ನು ಆರಿಸಿದಳು. ಅಲ್ಲಿಗೆ ಬರುವ ಎಲ್ಲರೂ ಮಾಡುವಂತೆ ಕುರ್ಚಿಯಲ್ಲಿ ಕೂತು, ಅದರ ಮೂಗಿಗೆ ಮೂಗು ತಾಗಿಸಿ, ಕೊನೆಯ ಸಲ ಸೀನಿದಳು. ಅಲರ್ಜಿ ನಾಯಿಗೆ ದಾಟಿತು. ಅವಳ ದದ್ದು ಇಳಿಯಿತು, ನಾಯಿಯ ಕಣ್ಣುಗಳು ಊದಿಕೊಂಡವು.

"ಇನ್ನು ಇದಕ್ಕೆ ನಿಮ್ಮ ಮೈ ತಾಗಿದರೆ ಆಗಲ್ಲ. ಆದರೂ ನಿಮ್ಮನ್ನ ಬಿಟ್ಟಿರಲ್ಲ," ಎಂದ ಮುದ್ದಣ್ಣ.

ಕೆರೆದು ಕೆರೆದು ಕಿವಿಯಲ್ಲಿ ರಕ್ತ ಜಿನುಗುತ್ತಿದ್ದರೂ ನಾಯಿ ಬಾಲ ಆಡಿಸುತ್ತ ಅವಳ ತೊಡೆ ಹತ್ತಿತು, ಕೈ ನೆಕ್ಕಿತು. ಸೀನಿತು. ಮತ್ತೆ ಸೀನಿತು.

ನಳಿನಾಕ್ಷಿ ಅದನ್ನು ಕೆಳಗೆ ತಳ್ಳಿ ಸೀರೆ ಒರೆಸಿಕೊಂಡಳು.

"ಇಷ್ಟು ಸದ್ದು ಮಾಡದ ತಳಿ ಇಲ್ವಾ? ನಂಗೆ ಸಂಜೆ ಧಾರಾವಾಹಿ ಕೇಳಿಸ್ಬೇಕು."